ನಡಿಗೆಯ ಹಾಡು, ಕಿವಿಯ ಪಾಡು

ಫಜ್ರ್ ನಮಾಝಿನ ಬಳಿಕ ಹಂಸಭಾವಿಯ ರಸ್ತೆಯಲ್ಲಿ ವಾಕಿಂಗ್ ಹೊರಡುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತೀರಾ? ಹಾಗಾದರೆ ಇದು ನಿಮಗಾಗಿ.

ಸಂಗೀತ ಕೇಳುತ್ತಾ ನಡೆದರೆ ಗಮನ ದಣಿವಿನಿಂದ ಬೇರೆಡೆಗೆ ಸರಿಯುತ್ತದೆ, ಹೆಜ್ಜೆ ತಾಳಕ್ಕೆ ಹೊಂದಿಕೊಳ್ಳುತ್ತದೆ. ಹಾಗಾಗಿ ಹೆಚ್ಚು ಹೊತ್ತು ನಡೆಯುವುದು ಸುಲಭ. ಆದರೆ ಎದೆನೋವು, ತಲೆಸುತ್ತು ಕಾಣಿಸಿದರೆ ಹಾಡು ಮುಗಿಯಲೆಂದು ಕಾಯದೆ ತಕ್ಷಣ ನಿಲ್ಲಿ.

ಅಪಾಯವಿರುವುದು ಸದ್ದಿನಲ್ಲಿ. ಒಳಗಿವಿಯ ಸೂಕ್ಷ್ಮ ಕೂದಲುಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ಮಕ್ಕಳಿಗೆ ಅಷ್ಟೇ ಹೊತ್ತು 75 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ! ಹಾಡಿನ ಬದಲು ಕುರ್‌ಆನ್ ಪಾರಾಯಣ, ಪ್ರವಚನ ಕೇಳುವವರಿಗೂ ಇದೇ ಲೆಕ್ಕ.

ಹೀಗೆ ಮಾಡಿ:

• ಮೊಬೈಲಿನ ವಾಲ್ಯೂಮ್ ಶೇ. 60 ದಾಟದಿರಲಿ. ಪಕ್ಕದವರ ಮಾತು ಕೇಳಿಸದಿದ್ದರೆ ಸದ್ದು ಹೆಚ್ಚಾಯಿತೆಂದೇ ಅರ್ಥ.

• ರಸ್ತೆಯಲ್ಲಿ ಒಂದು ಕಿವಿ ತೆರೆದೇ ಇರಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಟ್ರ್ಯಾಕ್ಟರ್‌ಗಳ ಓಡಾಟ ಹೆಚ್ಚು. ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ.

• ವುಝೂ ಮಾಡಿದ ಒದ್ದೆ ಕಿವಿಯನ್ನು ಒರೆಸಿಕೊಂಡೇ ಇಯರ್‌ಫೋನ್ ಇಡಿ. ಬೆವರಿನ ತೇವ ಉಳಿದರೆ ಕಿವಿ ಸೋಂಕಿಗೆ ದಾರಿ. ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸಿಡಿ. ಒಬ್ಬರದ್ದನ್ನು ಇನ್ನೊಬ್ಬರು ಬಳಸಬೇಡಿ.

• ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ, ಮಾತು ಮಂದವಾಗಿ ಕೇಳಿಸಿದರೆ ತಡಮಾಡದೆ ಕಿವಿ ವೈದ್ಯರಿಗೆ ತೋರಿಸಿ.

ನಡಿಗೆ ಬಿಡಬೇಡಿ, ಸದ್ದು ಮಾತ್ರ ತಗ್ಗಿಸಿ.