ಸಂಜೆಯ ಲೋಟಕ್ಕೆ ಕಾಫಿಯ ಬದಲು ಏನು?

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಮೇಲೆ ಸಾಕುವವರ ಮನೆಯಲ್ಲಿ ನಿದ್ದೆ ಚೂರುಚೂರಾಗುತ್ತದೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಖರ್ಚಾಗುವುದು ಈ ಕೊನೆಯ ವಾರದಲ್ಲೇ. ತಡರಾತ್ರಿ ಸೊಪ್ಪು ಹಾಕಿ ಮಲಗಬೇಕು, ನಸುಕಿಗೇ ಏಳಬೇಕು, ನಡುವೆ ಹುಳದ ಮನೆಯ ಕಡೆ ಒಂದು ಕಣ್ಣಿರಬೇಕು. ಕೊಳ್ಳೇಗಾಲ, ಯಳಂದೂರು, ಹನೂರು ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಹೊಸದಲ್ಲ. ಆ ದಿನಗಳಲ್ಲಿ ಕಾಫಿ, ಟೀ ಕೆಲಸಕ್ಕೆ ಒದಗುತ್ತವೆ ನಿಜ. ಆದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರಿದ ಮೇಲೂ ಸಂಜೆಯ ಕಾಫಿ ಮುಂದುವರಿದರೆ, ಹಾಸಿಗೆಗೆ ಬಿದ್ದವರಿಗೆ ನಿದ್ದೆ ಹತ್ತುವುದಿಲ್ಲ. ಮಗ್ಗದ ಮುಂದೆ ಹೊತ್ತು ಮುಳುಗಿದ ಮೇಲೂ ಕೂರುವ ನೇಕಾರರಿಗೂ, ರಾತ್ರಿ ಪಾಳಿಯ ಚಾಲಕರಿಗೂ ಇದೇ ತೊಡಕು.

ಕಾರಣ ಕೆಫೀನ್. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ಕಣ್ಣು ಎಳೆಯತೊಡಗುತ್ತದೆ. ಕೆಫೀನ್ ಮಾಡುವುದು, ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದಂಥ ಕೆಲಸ. ಅಡೆನೊಸಿನ್ ಬರುವ ಹೊತ್ತಿಗೆ ಜಾಗ ಖಾಲಿ ಇರುವುದಿಲ್ಲ. ದಣಿವು ಕಳೆದಿರುವುದಿಲ್ಲ, ದಣಿವಿನ ಸುದ್ದಿ ಮಾತ್ರ ಮುಟ್ಟಿರುವುದಿಲ್ಲ.

ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ ಐದಾರು ಗಂಟೆ ಬೇಕು. ಸಂಜೆ 4ಕ್ಕೆ 100 ಮಿಲಿಗ್ರಾಂ ಕೆಫೀನಿರುವ ಕಾಫಿ ಕುಡಿದರೆ ರಾತ್ರಿ 9-10ರ ಹೊತ್ತಿಗೂ 50 ಮಿಲಿಗ್ರಾಂ ಮೈಯಲ್ಲೇ ಇರುತ್ತದೆ. ಮಲಗುವ ಮುಂಚೆ ಒಂದು ಲೋಟ ಟೀ ಕುಡಿದಷ್ಟಾಯಿತು. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಇದಕ್ಕೆ ಇನ್ನೂ ಬಹಳ ಹೊತ್ತು ಹಿಡಿಯುತ್ತದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. "ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ" ಎನ್ನುವವರಿಗೂ ನಿದ್ದೆ ತೆಳುವಾಗಿರಬಹುದು, ಅದು ಅವರ ಗಮನಕ್ಕೆ ಬಂದಿರುವುದಿಲ್ಲ ಅಷ್ಟೆ.

ಹಾಗಂತ ಈ ಸೀಮೆಯಲ್ಲಿ ಕಾಫಿಯನ್ನು ಬೈದು ದೂರವಿಡುವುದು ನ್ಯಾಯವಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಕಾಡಿನ ಮರಗಳ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. ಇದೇ ಬೆಟ್ಟಸಾಲಿನಲ್ಲಿ ಬ್ರಿಟಿಷರ ಕಾಲದ ತೋಟಗಳೂ ಇವೆ. ಸೋಲಿಗರ ಕಾಫಿಯನ್ನು ಕೊಂಡು ಮಾರುವ ಬ್ಲ್ಯಾಕ್ ಬಾಜಾದಂಥ ಬೆಂಗಳೂರಿನ ಕಂಪನಿಯೂ ಇದೆ. ಆ ಬೆಳೆ ಸೋಲಿಗರ ಕೈಗೆ ನಾಲ್ಕು ಕಾಸು ತರುತ್ತದೆ, ತರಲಿ. ಬೆಳಗಿನ ಲೋಟ ಇದ್ದಂತೆಯೇ ಇರಲಿ. ಬದಲಾಗಬೇಕಾದದ್ದು ಮಧ್ಯಾಹ್ನ ಎರಡು-ಮೂರರ ನಂತರದ್ದು.

ಇಲ್ಲಿ ಹೆಚ್ಚಿನವರು ಮೊದಲು ಮೊರೆಹೋಗುವುದು ಟೀಗೆ. ಐಸಿಎಂಆರ್‌ನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಕುದಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂಬುದು ಅದರ ಸಲಹೆ. ಅಂದರೆ ಟೀಯಿಂದ ಹೊರೆ ಇಳಿಯುತ್ತದೆ, ತಪ್ಪುವುದಿಲ್ಲ. ಗ್ರೀನ್ ಟೀ, ಕೋಲಾ, ಚಾಕೊಲೇಟ್ ಕೂಡ ಇದೇ ಸಾಲಿನವು.

ಚಿಕೋರಿಯ ಲೆಕ್ಕ ಬೇರೆ. ಅದೊಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಾಫಿಯಂಥ ಕಹಿ, ಬಣ್ಣ ಬರುತ್ತದೆ, ಕೆಫೀನ್ ಮಾತ್ರ ಇಲ್ಲ. ಅಂಗಡಿಯ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ನಮೂದಿಸಲೇಬೇಕೆಂಬ ನಿಯಮವಿದೆ. ಅದನ್ನು ಓದಿ ಕೊಳ್ಳುವುದು ಒಳ್ಳೆಯದು. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುವುದರಿಂದ, ಸಂಜೆ ಡಿಕಾಕ್ಷನ್ ಬಿಡಲಾರೆ ಎನ್ನುವವರು ಅರೇಬಿಕಾ ಪುಡಿಗೆ ಚಿಕೋರಿ ಹೆಚ್ಚಿಸಿಕೊಳ್ಳಬಹುದು.

ಆದರೆ ಕೆಫೀನ್ ಇಲ್ಲದ ಒಳ್ಳೆಯ ಲೋಟಕ್ಕೆ ಬೇಕಾದ ಸಾಮಾನು ಕೊಳ್ಳೇಗಾಲ, ಯಳಂದೂರು, ಹನೂರು ತಾಲ್ಲೂಕುಗಳ ಅಡುಗೆಮನೆಯಲ್ಲೇ ಇದೆ. ಮೊದಲನೆಯದು ಕಷಾಯ. ಒಂದು ಲೋಟ ಕೊತ್ತಂಬರಿ ಬೀಜ, ಅದರ ಅರ್ಧ ಜೀರಿಗೆ, ಒಂದು ಚಮಚ ಮೆಂತ್ಯ, ಅಷ್ಟೇ ಕಾಳುಮೆಣಸು. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಬೇಕು. ಮೆಂತ್ಯ ಕೆಂಪಾಗಿ ಘಮ್ಮೆಂದ ಕೂಡಲೇ ಇಳಿಸಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ಆರಿದ ಮೇಲೆ ಒಣಶುಂಠಿಯ ತುಂಡಿನೊಂದಿಗೆ ತರಿತರಿಯಾಗಿ ಪುಡಿ ಮಾಡಿ ಡಬ್ಬಿಗೆ ತುಂಬಿದರೆ ಕೆಲವು ವಾರ ಬರುತ್ತದೆ. ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಚೂರು ಬೆಲ್ಲ ಕರಗಿಸಿ ಸೋಸಬೇಕು. ಹಾಲು ಬೇಕೆನ್ನುವವರು ಒಲೆಯಿಂದ ಇಳಿಸಿದ ಮೇಲೆ ಸೇರಿಸಬೇಕು, ಬೆಲ್ಲದೊಂದಿಗೆ ಕುದಿದರೆ ಹಾಲು ಒಡೆಯುತ್ತದೆ. ಎದೆಯುರಿ ಇರುವವರು ಮೆಣಸು, ಶುಂಠಿ ಕೈಬಿಟ್ಟು ಬರೀ ಕೊತ್ತಂಬರಿ-ಜೀರಿಗೆಯಲ್ಲೇ ಮಾಡಿಕೊಳ್ಳಲಿ.

ಎರಡನೆಯದು ರಾಗಿ. ಹನೂರಿನ ಮಳೆಯಾಧಾರಿತ ಹೊಲಗಳಿಗೆ ಇದು ಒಗ್ಗಿದ ಬೆಳೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಮಾಲ್ಟ್‌ಗೆ ಕಾಫಿಯ ಹುರಿದ ವಾಸನೆಯ ಹತ್ತಿರದ ಪರಿಮಳ ಇರುತ್ತದೆ. ಹೀಗೆ ಧಾನ್ಯ ಹುರಿದು ಕುಡಿಯುವುದು ಬೇರೆಡೆಯೂ ಇದೆ: ಜಪಾನ್, ಕೊರಿಯಾಗಳಲ್ಲಿ ಹುರಿದ ಬಾರ್ಲಿಯ ಪಾನೀಯ ಮನೆಮನೆಯಲ್ಲಿದೆ. ಅಮೆರಿಕದಲ್ಲಿ 1895ರಲ್ಲೇ ಗೋಧಿಯಿಂದ ಮಾಡಿದ 'ಪೋಸ್ಟಮ್' ಕಾಫಿಗೆ ಬದಲಾಗಿ ಮಾರುಕಟ್ಟೆಗೆ ಬಂದಿತ್ತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುತ್ತಿರುವುದೂ ಪೌಷ್ಟಿಕತೆಗಾಗಿಯೇ. ಒಂದು ಎಚ್ಚರಿಕೆ ಇದೆ: ನುಣ್ಣಗೆ ಬೀಸಿದ ರಾಗಿ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮಧುಮೇಹಿಗಳು ಬೆಲ್ಲ ಬಿಟ್ಟು, ಮಜ್ಜಿಗೆ ಬೆರೆಸಿ, ಅರ್ಧ ಲೋಟ ಕುಡಿಯುವುದು ಮೇಲು.

ಬಿಸಿ ಹಾಲು ನಿದ್ದೆ ತರಿಸುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆ ಕಡಿಮೆ. ಕೆಫೀನ್ ಇಲ್ಲ, ಹೊಟ್ಟೆಗೆ ಹಿತ, ಅಷ್ಟು ಸಾಕು. ಜಾಯಿಕಾಯಿ ತೇದು ಹಾಲಿಗೆ ಹಾಕುವ ಹಳೆಯ ರೂಢಿಯಲ್ಲಿ ಮಾತ್ರ ಕೈ ಬಿಗಿ ಇರಬೇಕು. ಚಿಟಿಕೆ ಮೀರಿ ಚಮಚಗಟ್ಟಲೆ ಆದರೆ ಅದು ವಿಷ: ವಾಂತಿ, ಎದೆಬಡಿತ, ಭ್ರಮೆ ಕಾಣಿಸಿಕೊಳ್ಳುತ್ತವೆ. ಎಳೆಮಕ್ಕಳಿಗಂತೂ ಕೊಡಲೇಬಾರದು.

ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮರುದಿನವೇ ತಲೆನೋವು, ಸಿಡುಕು ಶುರುವಾಗಿ ಒಂದು ವಾರದವರೆಗೂ ಇರಬಹುದು. ಮೊದಲು ರಾತ್ರಿಯದು, ಆಮೇಲೆ ಸಂಜೆಯದು ಎಂದು ಒಂದೊಂದೇ ಲೋಟ ಬದಲಿಸಿಕೊಂಡು ಬಂದರೆ ಮೈ ಒಗ್ಗುತ್ತದೆ. ಹೀಗೆ ಬದಲಿಸಿದ ಮೇಲೂ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ಹೊತ್ತು ಮತ್ತು ಅಭ್ಯಾಸಗಳನ್ನು ತಿದ್ದುವ ಆಪ್ತಸಮಾಲೋಚನೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರು ಮೂರು ತಿಂಗಳು ಕಾಯಬಾರದು, ಕೂಡಲೇ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು. ಚಿಂತೆ, ದುಗುಡದಿಂದ ನಿದ್ದೆ ಬಾರದವರಿಗೆ 14416 ಸಂಖ್ಯೆಯ ಟೆಲಿಮನಸ್ ಸಹಾಯವಾಣಿ ಕನ್ನಡದಲ್ಲೂ ಸಿಗುತ್ತದೆ, ಕರೆ ಉಚಿತ.