ಚಿರತೆ ಜಿಂಕೆಯನ್ನು ಎಳೆಯುವ ಲೆಕ್ಕ

ಆನೆಕೊಂಡದಲ್ಲಿ ಈಗ ಕಾಡಿಲ್ಲ. ದಾವಣಗೆರೆ ನಗರ ಆ ಊರನ್ನು ತನ್ನೊಳಗೆ ಸೇರಿಸಿಕೊಂಡು ಬಹಳ ಕಾಲವಾಯಿತು. ಹಳೆಯ ಕಲ್ಲಿನ ಈಶ್ವರ ದೇವಸ್ಥಾನವೊಂದು ಮಾತ್ರ ಊರಿನ ವಯಸ್ಸನ್ನು ಹೇಳುತ್ತದೆ. ಇಲ್ಲಿನ ಮಕ್ಕಳಿಗೆ ಚುಕ್ಕೆ ಜಿಂಕೆ ತೋರಿಸಬೇಕೆಂದರೆ ಹೆದ್ದಾರಿ ಹಿಡಿದು ಆನಗೋಡಿನ ಪ್ರಾಣಿ ಸಂಗ್ರಹಾಲಯಕ್ಕೆ ಕರೆದೊಯ್ಯಬೇಕು. ಬೇಲಿಯಾಚೆ ನಿಂತ ಗಂಡು ಜಿಂಕೆ ಕಣ್ಣಿಗೆ ಹಗುರವಾಗಿ ಕಾಣುತ್ತದೆ. ಆದರೆ ಚೆನ್ನಾಗಿ ಬೆಳೆದ ಗಂಡಿನ ತೂಕ 70ರಿಂದ 80 ಕಿಲೋ. ಅದೇ ಜಿಂಕೆ ಸತ್ತು ನೆಲಕ್ಕೆ ಬಿದ್ದರೆ, ತರಗೆಲೆ, ಬೇರು, ಕಲ್ಲು, ಪೊದೆಗಳ ನಡುವೆ ಅದನ್ನು ನೂರು ಮೀಟರ್ ಸರಿಸಲು ಎಷ್ಟು ಶಕ್ತಿ ಬೇಕು?

ಅಮೆರಿಕದಲ್ಲಿ ಶರತ್ಕಾಲ ಬಂತೆಂದರೆ ಲಕ್ಷಾಂತರ ಬೇಟೆಗಾರರಿಗೆ ಈ ಪ್ರಶ್ನೆ ಎದುರಾಗುತ್ತದೆ. ಅಲ್ಲಿ ಪರವಾನಗಿ ಪಡೆದು ಜಿಂಕೆ ಹೊಡೆಯುವುದು ಕಾನೂನುಬದ್ಧ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಆದರೂ ನಮ್ಮ ಕಾಡುಗಳಲ್ಲಿ ಪ್ರತಿರಾತ್ರಿ ಎಲ್ಲೋ ಒಂದು ಕಡೆ ಜಿಂಕೆಯನ್ನು ಎಳೆದೊಯ್ಯುವುದು ನಡೆದೇ ಇರುತ್ತದೆ. ಎಳೆಯುವವರು ಹುಲಿ ಮತ್ತು ಚಿರತೆ. ಹಗ್ಗವಿಲ್ಲ, ಗಾಡಿಯಿಲ್ಲ. ಮನುಷ್ಯ ಸಾಧನಗಳಿಂದ ಪಡೆದದ್ದನ್ನೆಲ್ಲ ಅವು ಹಲ್ಲು, ಕತ್ತು, ಪಂಜಗಳಿಂದಲೇ ಪಡೆಯುತ್ತವೆ.

ಮೊದಲು ಘರ್ಷಣೆಯ ಲೆಕ್ಕ ನೋಡೋಣ. ವಸ್ತುವೊಂದನ್ನು ಸಮತಟ್ಟಾದ ನೆಲದ ಮೇಲೆ ಎಳೆಯಲು ಬೇಕಾದ ಬಲ ಅದರ ತೂಕದ ಒಂದು ಪಾಲು. ಫ್ರಾನ್ಸಿನ ಅಮಾಂಟನ್ 1699ರಲ್ಲಿ ಈ ನಿಯಮವನ್ನು ಮಂಡಿಸಿದ. ಕೂಲಂಬ್ 1785ರಲ್ಲಿ ಅದನ್ನು ಇನ್ನಷ್ಟು ಗಟ್ಟಿಗೊಳಿಸಿದ. ಆ ಪಾಲು ಎಷ್ಟೆಂಬುದು ನೆಲವನ್ನೂ ಮೈಯನ್ನೂ ಅವಲಂಬಿಸಿದೆ. ಕಾಡಿನ ನೆಲಕ್ಕೆ ಅದು ಅರ್ಧ ಎಂದಿಟ್ಟುಕೊಳ್ಳೋಣ. ಆಗ 80 ಕಿಲೋ ಜಿಂಕೆಯನ್ನು ನೆಲಕ್ಕೆ ಸಮಾಂತರವಾಗಿ ಎಳೆಯಲು 40 ಕಿಲೋ ಎತ್ತುವಷ್ಟು ಬಲ ಬೇಕು. ಹದಿನೈದು ಡಿಗ್ರಿಯ ಏರು ಸಿಕ್ಕರೆ ಅದು 59 ಕಿಲೋಗೆ ಏರುತ್ತದೆ, ಅಷ್ಟೇ ಇಳಿಜಾರು ಸಿಕ್ಕರೆ 18ಕ್ಕೆ ಇಳಿಯುತ್ತದೆ. ಸುತ್ತುದಾರಿಯಾದರೂ ಸರಿ, ಇಳಿಜಾರು ಹಿಡಿದು ಹೋಗಬೇಕೆಂದು ಅನುಭವಿಗಳು ಹೇಳುವುದಕ್ಕೆ ಕಾರಣ ಇದೇ. ನಿಂತದ್ದನ್ನು ಕದಲಿಸಲು ಬೇಕಾದ ಬಲ ಕದಲಿದ್ದನ್ನು ಸಾಗಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಹಾಗಾಗಿ ಪ್ರತಿ ನಿಲುಗಡೆಯ ನಂತರವೂ ದೇಹ ಮತ್ತೊಮ್ಮೆ ಬೆಲೆ ತೆರಬೇಕು.

ಈ ಶ್ರಮ ಸಣ್ಣದಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈದ್ಯರು 25 ಬೇಟೆಗಾರರ ಎದೆಗೆ ಇಸಿಜಿ ಉಪಕರಣ ಕಟ್ಟಿ ಕಾಡಿಗೆ ಕಳಿಸಿದ್ದರು. ಹಲವರ ಹೃದಯ ಬಡಿತ ಆಸ್ಪತ್ರೆಯ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಮುಟ್ಟಿದ ಗರಿಷ್ಠ ಮಟ್ಟವನ್ನೂ ದಾಟಿತು. ಹೃದ್ರೋಗವಿದ್ದವರೂ ಆ ಗುಂಪಿನಲ್ಲಿದ್ದರು. ವರ್ಷವಿಡೀ ಕುಳಿತು ಕೆಲಸ ಮಾಡುವ ಮನುಷ್ಯ ಒಂದೇ ದಿನ ಭಾರ ಎಳೆಯಹೊರಟರೆ ಆಗುವ ಅಪಾಯ ಕಾಡಿಗಷ್ಟೇ ಸೀಮಿತವಲ್ಲ. ಮನೆ ಬದಲಿಸುವಾಗ ಬೀರು ಎಳೆಯುವವರಿಗೂ ಅದೇ ಎಚ್ಚರಿಕೆ ಸಲ್ಲುತ್ತದೆ.

ಬೇಟೆಗಾರರು ಕಂಡುಕೊಂಡ ಉಪಾಯಗಳು ಬಹಳ ಸರಳ. ಜಿಂಕೆಯ ಮುಂಗಾಲುಗಳನ್ನು ಮಡಿಸಿ ಕೊಂಬಿಗೆ ಕಟ್ಟುತ್ತಾರೆ, ಕುತ್ತಿಗೆಗೆ ಗಿಡ್ಡ ಹಗ್ಗ ಬಿಗಿದು ತಲೆ ಮುಂದಾಗಿಯೇ ಎಳೆಯುತ್ತಾರೆ. ಹೆಗಲಿಗೆ ಪಟ್ಟಿ ಹಾಕಿಕೊಂಡರೆ ತೋಳಿನ ಬದಲು ಕಾಲು ದುಡಿಯುತ್ತವೆ. ನುಣುಪಾದ ಪ್ಲಾಸ್ಟಿಕ್ ಹಾಳೆಯೋ ಜಾರುಬಂಡಿಯೋ ಇದ್ದರೆ ಘರ್ಷಣೆಯ ಪಾಲೇ ಕಡಿಮೆಯಾಗುತ್ತದೆ. ದಾರಿ ಸಮವಾಗಿದ್ದರೆ ಎರಡು ಗಾಲಿಯ ಗಾಡಿ ಎಲ್ಲಕ್ಕಿಂತ ಮೇಲು. ಪೊದೆ, ಕಲ್ಲು ಸಿಕ್ಕರೆ ಮಾತ್ರ ಅದೇ ದೊಡ್ಡ ಹೊರೆ.

ತಲೆ ಮುಂದಾಗಿ ಎಳೆಯುವುದು ಏಕೆ? ಜಿಂಕೆಯ ಕೂದಲು ತಲೆಯಿಂದ ಬಾಲದ ಕಡೆಗೆ ಒರಗಿರುತ್ತದೆ. ಬೇಲಿಗೆಂದು ಕಡಿದ ಜಾಲಿ ಕೊಂಬೆಯನ್ನು ಬುಡ ಹಿಡಿದು ಎಳೆದರೆ ರೆಂಬೆಗಳು ಮಡಿಚಿಕೊಂಡು ಸಲೀಸಾಗಿ ಬರುತ್ತವೆ, ತುದಿ ಹಿಡಿದು ಎಳೆದರೆ ದಾರಿಯುದ್ದಕ್ಕೂ ಸಿಕ್ಕಿಹಾಕಿಕೊಳ್ಳುತ್ತವೆ ಎಂಬುದು ನಮ್ಮ ರೈತರಿಗೆಲ್ಲ ಗೊತ್ತು. ಕೂದಲಿನದೂ ಅದೇ ಕತೆ. ಕಾಲುಗಳೂ ಹಾಗೆಯೇ: ತಲೆ ಮುಂದಾದರೆ ಅವು ಹಿಂದಕ್ಕೆ ಒರಗಿ ಬರುತ್ತವೆ.

ಈಗ ಚಿರತೆಯ ಕಡೆ ತಿರುಗೋಣ. ಅದು ಜಿಂಕೆಯ ಗಂಟಲನ್ನು ಕಚ್ಚಿ ಉಸಿರುಗಟ್ಟಿಸುತ್ತದೆ. ಸಾಗಿಸುವಾಗಲೂ ಹಿಡಿತ ಸಾಮಾನ್ಯವಾಗಿ ಕುತ್ತಿಗೆಯ ಬಳಿಯೇ. ಅಂದರೆ ಕೊಲ್ಲಲು ಒದಗಿದ ಜಾಗವೇ ಎಳೆಯಲೂ ಸರಿಯಾದ ಜಾಗ! ಜಿಂಕೆ ತಾನಾಗಿಯೇ ತಲೆ ಮುಂದಾಗಿ ಬರುತ್ತದೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದರ ಮುಂದಿನ ಲೆಕ್ಕ. ಎಳೆಯುವ ಪ್ರಾಣಿಯ ಕಾಲಿಗೂ ನೆಲ ಹಿಡಿತ ಕೊಡಬೇಕಲ್ಲವೆ? 60 ಕಿಲೋ ತೂಕದ ಚಿರತೆಯ ಪಾದಕ್ಕೂ ಘರ್ಷಣೆಯ ಪಾಲು ಅರ್ಧವೇ ಎಂದುಕೊಂಡರೆ ಅದು ಜಾರದೆ ಹಾಕಬಲ್ಲ ಬಲ 30 ಕಿಲೋ ಮಾತ್ರ. ಜಿಂಕೆ ಕದಲಲು 40 ಬೇಕು. ನೇರವಾಗಿ ಎಳೆದರೆ ಜಿಂಕೆ ಅಲ್ಲೇ ಇರುತ್ತದೆ, ಚಿರತೆಯೇ ಜಾರುತ್ತದೆ. ಆದರೆ ಚಿರತೆ ನೇರವಾಗಿ ಎಳೆಯುವುದಿಲ್ಲ. ಕತ್ತೆತ್ತಿ, ಜಿಂಕೆಯ ಮುಂಭಾಗವನ್ನು ನೆಲದಿಂದ ಮೇಲಕ್ಕೆ ಹಿಡಿದು ಎಳೆಯುತ್ತದೆ. ಘರ್ಷಣೆಯ ಪಾಲು ಅರ್ಧವಿದ್ದಾಗ ಅತಿ ಕಡಿಮೆ ಬಲ ಸಾಕಾಗುವ ಕೋನ ಸುಮಾರು 27 ಡಿಗ್ರಿ. ಆ ಕೋನದಲ್ಲಿ ಎಳೆದರೆ 36 ಕಿಲೋ ಬಲ ಸಾಕು. ಅದರಲ್ಲಿ 16 ಕಿಲೋ ಮೇಲಕ್ಕೆ ಎತ್ತುವುದಕ್ಕೆ ಹೋಗುತ್ತದೆ, 32 ಕಿಲೋ ಮುಂದಕ್ಕೆ. (ಒಂದಕ್ಕೊಂದು ಲಂಬವಾದ ಬಲಗಳಾದ್ದರಿಂದ ಇವೆರಡನ್ನೂ ಹಾಗೇ ಕೂಡಿಸಬಾರದು.) ಎತ್ತಿದ ಆ 16 ಕಿಲೋ ಎಲ್ಲಿಗೆ ಹೋಯಿತು? ಚಿರತೆಯ ಕಾಲಿಗೆ. ಈಗ ಅದರ ಪಾದಗಳು 76 ಕಿಲೋ ಭಾರದಲ್ಲಿ ನೆಲವನ್ನು ಒತ್ತುತ್ತಿವೆ, ಹಿಡಿತ 38 ಕಿಲೋಗೆ ಏರಿದೆ. ಬೇಕಾದದ್ದು 32. ಜಿಂಕೆ ಕದಲಿತು. ಒಂದೇ ಚಲನೆ ಹೊರೆಯ ಭಾರವನ್ನು ನೆಲದಿಂದ ಕಿತ್ತು ಎಳೆಯುವವನ ಕಾಲಿಗೆ ವರ್ಗಾಯಿಸಿತು. ಗಿಡ್ಡ ಹಗ್ಗದ ಗುಟ್ಟೂ ಇದೇ. ಚಿರತೆಗೆ ನೆಲಕ್ಕೆ ನಾಟುವ ಉಗುರುಗಳ ನೆರವು ಬೇರೆ ಇದೆ. ಭಾರ ಮಿತಿಯೊಳಗಿದ್ದರೆ ಅದು ಹೊರೆಯನ್ನು ಮುಂಗಾಲುಗಳ ನಡುವೆ ತೂಗಿಸಿಕೊಂಡು ಮುಂದಕ್ಕೆ ನಡೆಯುತ್ತದೆ. ಭಾರ ಹೆಚ್ಚಾದರೆ ಹುಲಿಯಾದರೂ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ಜಗ್ಗುತ್ತದೆ.

ಹಗುರ ಮಾಡಿಕೊಳ್ಳುವುದೂ ಅವಕ್ಕೆ ಗೊತ್ತು. ಬೇಟೆಗಾರ ಜಿಂಕೆಯ ಹೊಟ್ಟೆ ಸೀಳಿ ಕರುಳು ತೆಗೆದ ಮೇಲೆಯೇ ಎಳೆಯಲು ಹೊರಡುತ್ತಾನೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಅರೆಜೀರ್ಣ ಹುಲ್ಲು, ನೀರು ತುಂಬಿರುವುದರಿಂದ ಹೀಗೆ ಕಡಿಮೆಯಾಗುವ ತೂಕ ಗಣನೀಯ. ಹುಲಿಯೂ ಹೊಟ್ಟೆಯ ಆ ಚೀಲವನ್ನು ಹರಿದು ಪಕ್ಕಕ್ಕೆ ಹಾಕುತ್ತದೆ. ಕಾಡಿನಲ್ಲಿ ಹಸಿರು ಮುದ್ದೆಯೊಂದು ಬಿದ್ದಿದ್ದರೆ ಅರಣ್ಯ ವೀಕ್ಷಕರ ಕಣ್ಣು ಸುತ್ತಲಿನ ನೆಲವನ್ನು ಹುಡುಕತೊಡಗುತ್ತದೆ. ಹೊತ್ತೂ ಮುಖ್ಯ. ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯುಗಳಿಗೆ ಶಕ್ತಿ ಕೊಡುವ ಅಣುವಾದ ಎಟಿಪಿ ಖಾಲಿಯಾಗಿ ದೇಹ ಸೆಟೆದುಕೊಳ್ಳುತ್ತದೆ. ಮೆತ್ತಗಿರುವ ದೇಹ ನೆಲದ ಏರಿಳಿತಕ್ಕೆ ಬಾಗಿ ಸಾಗುತ್ತದೆ, ಸೆಟೆದ ಕಾಲುಗಳು ಪೊದೆಪೊದೆಗೂ ತಗಲುತ್ತವೆ.

ಇಷ್ಟೆಲ್ಲ ಕಷ್ಟಪಟ್ಟು ಎಳೆಯುವುದಾದರೂ ಏಕೆ? ಕಸಿದುಕೊಳ್ಳುವವರ ಭಯ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಡೆಸಿ 1995ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ ಹುಲಿಯ ಮುಖ್ಯ ಬೇಟೆಯ ಸರಾಸರಿ ತೂಕ 91.5 ಕಿಲೋ, ಸೀಳುನಾಯಿಯದು 43.4, ಚಿರತೆಯದು 37.6. ಒಂದೇ ಕಾಡಿನಲ್ಲಿ ಮೂವರು ಬೇಟೆಗಾರರಿದ್ದಾಗ ಒಂಟಿಯಾದ ಚಿರತೆಗೆ ಅಪಾಯ ಹೆಚ್ಚು. ಅದಕ್ಕೇ ಅದು ಬೇಟೆಯನ್ನು ದಟ್ಟ ಪೊದೆಗೆ ಎಳೆಯುತ್ತದೆ, ಕೆಲವೊಮ್ಮೆ ಮರದ ಮೇಲಕ್ಕೂ ಒಯ್ಯುತ್ತದೆ. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್‌ನಲ್ಲಿ ಚಿರತೆಗಳ ಎರಡು ಸಾವಿರಕ್ಕೂ ಹೆಚ್ಚು ಬೇಟೆಗಳನ್ನು ಪರಿಶೀಲಿಸಿದಾಗ ಸುಮಾರು ಐದರಲ್ಲಿ ಒಂದು ಬೇಟೆ, ಹೆಚ್ಚಾಗಿ ಕತ್ತೆಕಿರುಬಗಳಿಂದಾಗಿ, ಕೈತಪ್ಪಿತ್ತು. ಸೀಳುನಾಯಿಗಳಿಗೆ ಈ ಗೋಜಿಲ್ಲ. ಹಿಂಡೇ ಸೇರಿ ಬೇಟೆ ಬಿದ್ದಲ್ಲೇ ಬೇಗಬೇಗ ತಿಂದು ಮುಗಿಸುತ್ತವೆ.

ದಾವಣಗೆರೆ ಜಿಲ್ಲೆಗೂ ಈ ಮಾತು ದೂರದ್ದಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. ಕೊಂಡುಕುರಿಯ ತೂಕ 20 ಕಿಲೋ ಆಸುಪಾಸು. ಚಿರತೆಯಂಥ ಪ್ರಾಣಿ ಅದನ್ನು ಎಳೆಯುವುದಕ್ಕಿಂತ ಎತ್ತಿಕೊಂಡೇ ಹೋಗಬಲ್ಲದು, ಆಗ ನೆಲದ ಮೇಲೆ ಉಳಿಯುವ ಗುರುತೂ ಕಡಿಮೆ. ಭಾರದ ಪ್ರಾಣಿಯನ್ನು ಎಳೆದಿದ್ದರೆ ತರಗೆಲೆ ಒಂದೇ ದಿಕ್ಕಿಗೆ ಸರಿದಿರುತ್ತದೆ, ಹುಲ್ಲು ಮಲಗಿರುತ್ತದೆ, ಮುಳ್ಳಿನಲ್ಲಿ ನಾಲ್ಕು ಕೂದಲು ಸಿಕ್ಕಿರುತ್ತವೆ, ನಡುನಡುವೆ ರಕ್ತದ ಕಲೆ. ಮಳೆ ಬಿದ್ದ ಎರೆಮಣ್ಣಿನಲ್ಲಾದರೆ ಲೆಕ್ಕವೇ ಬದಲು: ಹದವಾಗಿ ನೆನೆದ ಮರಳು ಗಟ್ಟಿಯಾಗಿ ಎಳೆತವನ್ನು ಸುಲಭ ಮಾಡಿದರೆ, ನೆನೆದ ಎರೆ ಉಬ್ಬಿ ಅಂಟಿಕೊಂಡು ಹಿಡಿದೆಳೆಯುತ್ತದೆ. ಯಾವ ಪ್ರಾಣಿ ಎಳೆಯಿತು, ಎಲ್ಲಿ ನಿಂತಿತು, ಎಲ್ಲಿಂದ ತಿನ್ನತೊಡಗಿತು ಎಂಬುದನ್ನು ಸಂಶೋಧಕರು ಈ ಗುರುತಿನಿಂದಲೇ ಓದುತ್ತಾರೆ. ಹುಲಿ ಸಾಮಾನ್ಯವಾಗಿ ಹಿಂಭಾಗದಿಂದ ತಿನ್ನಲು ಶುರುಮಾಡುತ್ತದೆ, ಚಿರತೆ ಹೊಟ್ಟೆಯ ಕಡೆಯಿಂದ.

ಆದ್ದರಿಂದ ಹೊಲದ ಅಂಚಿನಲ್ಲೋ ಕುರುಚಲು ಕಾಡಿನಲ್ಲೋ ಇಂಥ ಗುರುತು ಕಂಡರೆ ಅದರ ಜಾಡು ಹಿಡಿದು ಮುಂದೆ ಹೋಗಬೇಡಿ. ಅದರ ತುದಿಯಲ್ಲಿ ಬೇಟೆ ಕಾಯುತ್ತ ಪ್ರಾಣಿ ಮಲಗಿರಬಹುದು. ಸತ್ತ ಜಿಂಕೆ ಸಿಕ್ಕರೂ ಮುಟ್ಟಬೇಡಿ, ಸರಿಸಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಂ ಪ್ರಕಾರ ಸತ್ತು ಬಿದ್ದ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಬಂದ ದಾರಿಯಲ್ಲೇ ಹಿಂದಿರುಗಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ ಜಾಗ ತಿಳಿಸಿ.