ಮೊದಲ ಬಾರಿ ಮ್ಯಾನೇಜರ್ ಆದವರ ಹೊಣೆ ಮತ್ತು ಆರೋಗ್ಯ

ಬಡ್ತಿಯ ಆದೇಶ ಕೈಸೇರಿದ ದಿನ ಮನೆಯಲ್ಲಿ ಸಿಹಿಯೂಟವಾಗುತ್ತದೆ, ಊರಿಗೆ ಫೋನು ಹೋಗುತ್ತದೆ, ಸಂಘದ ಸಭೆಯಲ್ಲಿ ನಾಲ್ಕು ಜನ ಕೈಕುಲುಕುತ್ತಾರೆ. ಜೀವನೋಪಾಯವನ್ನರಸಿ ಮುಂಬಯಿಗೆ ಬಂದ ನಮ್ಮ ಕುಟುಂಬಗಳಲ್ಲಿ ‘ಬ್ಯಾಂಕ್ ಮ್ಯಾನೇಜರ್’ ಎಂಬ ಮಾತಿಗೆ ವಿಶೇಷವಾದ ತೂಕವಿದೆ. ಮುಂದೆ ಕೆನರಾ, ಕಾರ್ಪೊರೇಷನ್ ಎಂದು ಹೆಸರಾದ ಬ್ಯಾಂಕುಗಳು 1906ರಲ್ಲಿ ಮಂಗಳೂರು, ಉಡುಪಿಗಳಲ್ಲಿ ಜನ್ಮತಾಳಿದವು. ಅಂತಹ ನಾಡಿನವರಿಗೆ ಈ ಅಭಿಮಾನ ಸಹಜವೇ ಸರಿ. ಆದರೆ ಆ ಕುರ್ಚಿಯಲ್ಲಿ ಮೊದಲ ಬಾರಿಗೆ ಕುಳಿತವನ ದೇಹ ಮತ್ತು ಮನಸ್ಸುಗಳ ಸ್ಥಿತಿಯೇನು ಎಂಬುದನ್ನು ವಿಚಾರಿಸುವವರು ವಿರಳ. ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ನನ್ನ ಅನುಭವವನ್ನೇ ಉದಾಹರಣೆಯಾಗಿ ಹೇಳುವುದಕ್ಕೆ ಓದುಗರು ಕ್ಷಮಿಸಬೇಕು. ಅನೇಕ ವರ್ಷ ಸಾಲ ವಿಭಾಗದಲ್ಲಿ ದುಡಿದ ಬಳಿಕ ಮುಂಬಯಿಯ ಉಪನಗರವೊಂದರ ಶಾಖೆಗೆ ನನ್ನನ್ನು ಮ್ಯಾನೇಜರನಾಗಿ ಕಳುಹಿಸಿದರು. ಅಲ್ಲಿದ್ದವರು ಒಟ್ಟು ಒಂಬತ್ತು ಜನ. ಸಾಲದ ಕಡತವನ್ನು ನನ್ನಷ್ಟು ಚೆನ್ನಾಗಿ ಓದಬಲ್ಲವರು ಅವರಲ್ಲಿ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಆದುದರಿಂದ ಪ್ರತಿಯೊಂದು ಕಡತವನ್ನೂ ನಾನೇ ಓದಿದೆ. ಕಿರಿಯ ಅಧಿಕಾರಿ ಬರೆದ ಟಿಪ್ಪಣಿಯನ್ನು ಹೊಡೆದುಹಾಕಿ ನಾನೇ ಬರೆದೆ. ಬೆಳಿಗ್ಗೆ 9ಕ್ಕೆ ಶಾಖೆಯನ್ನು ಹೊಕ್ಕವನು ರಾತ್ರಿ 9ಕ್ಕೆ ಲೋಕಲ್ ಹಿಡಿಯುತ್ತಿದ್ದೆ. ಊಟ ಡಬ್ಬಿಯಲ್ಲಿಯೇ ತಣ್ಣಗಾಗುತ್ತಿತ್ತು. ಚಹಕ್ಕೆ ಮಾತ್ರ ಲೆಕ್ಕವಿರಲಿಲ್ಲ.

ಐದನೆಯ ತಿಂಗಳಲ್ಲಿ ಹಿಟ್ಟಿನ ಗಿರಣಿಯೊಂದರ ಸಾಲದ ಕಂತು 90 ದಿನಗಳನ್ನು ಮೀರಿ ಬಾಕಿ ಉಳಿದು, ನಿಯಮದ ಪ್ರಕಾರ ಆ ಖಾತೆ ಅನುತ್ಪಾದಕವೆಂದು ದಾಖಲಾಯಿತು. ಬಾಕಿದಾರರ ಪಟ್ಟಿ ಮೊದಲ ತಿಂಗಳಿನಿಂದಲೂ ನನ್ನ ಮೇಜಿನ ಮೇಲಿತ್ತು. ಸ್ಥಳಕ್ಕೆ ಹೋಗಿಬರಲು ಬಿಡುವಿರಲಿಲ್ಲ. ಕೊನೆಗೆ ಹೋಗಿ ನೋಡಿದರೆ ಗಿರಣಿಗೆ ಬೀಗ ಬಿದ್ದು ಎಷ್ಟೋ ದಿನಗಳಾಗಿದ್ದವು. ಮಾಲೀಕ ಅಪಘಾತದಲ್ಲಿ ಸೊಂಟಕ್ಕೆ ಪೆಟ್ಟು ತಿಂದು ಹಾಸಿಗೆ ಹಿಡಿದಿದ್ದ. ಶಾಖೆಗೆ ಮರಳಿ ಈ ಸಂಗತಿ ಹೇಳಿದಾಗ ನಮ್ಮ ಹಿರಿಯ ಗುಮಾಸ್ತರು, “ಸಾಹೇಬರೇ, ಅದು ನನಗೆ ಮೊದಲೇ ಗೊತ್ತಿತ್ತು. ನಾನು ದಿನವೂ ಆ ಗಲ್ಲಿಯಿಂದಲೇ ಬರುವವನು” ಎಂದರು. ಹಾಗಾದರೆ ಏಕೆ ಹೇಳಲಿಲ್ಲವೆಂದು ಕೇಳಿದೆ. “ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತೀರಲ್ಲ, ಇದನ್ನೂ ನೋಡಿರುತ್ತೀರಿ ಎಂದುಕೊಂಡೆ” ಎಂದರು. ಆ ಮಾತಿನಲ್ಲಿ ವ್ಯಂಗ್ಯದ ಲೇಶವೂ ಇರಲಿಲ್ಲ. ಅದರಿಂದಲೇ ಅದು ನನ್ನನ್ನು ಹೆಚ್ಚು ನೋಯಿಸಿತು. ಮೊದಲ ತಿಂಗಳಲ್ಲಿಯೇ ತಿಳಿದಿದ್ದರೆ ಆ ಕುಟುಂಬದವರೊಡನೆ ಕುಳಿತು, ನಿಯಮದ ಮಿತಿಯೊಳಗೆ ಏನಾದರೊಂದು ದಾರಿಯನ್ನು ಹುಡುಕಬಹುದಿತ್ತು.

ಅದೇ ತಿಂಗಳು ತಲೆಸುತ್ತು ಬಂದು ವೈದ್ಯರಲ್ಲಿಗೆ ಹೋದಾಗ ನನ್ನ ರಕ್ತದೊತ್ತಡ 160/100 ಇತ್ತು.

ಎರಡೂ ಘಟನೆಗಳ ಮೂಲ ಒಂದೇ ಎಂಬುದು ತಿಳಿಯಲು ತಡವಾಯಿತು. ವಾಣಿಜ್ಯ ಪದವಿಯ ತರಗತಿಯಲ್ಲಿ ಹೆನ್ರಿ ಫಯೋಲ್‌ನ ಹೆಸರನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ಗಣಿ ಕಂಪನಿಯೊಂದನ್ನು ದೀರ್ಘಕಾಲ ನಡೆಸಿದ ಈ ಫ್ರೆಂಚ್ ಎಂಜಿನಿಯರ್ 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಡಳಿತವೆಂದರೆ ಯೋಜಿಸುವುದು, ಸಂಘಟಿಸುವುದು, ಆದೇಶಿಸುವುದು, ಸಮನ್ವಯಗೊಳಿಸುವುದು ಮತ್ತು ನಿಯಂತ್ರಿಸುವುದು ಎಂದು ವಿವರಿಸಿದನು. ಮನುಷ್ಯ ಮೇಲಿನ ಹುದ್ದೆಗೆ ಏರಿದಂತೆಲ್ಲ ಕಸುಬಿನ ಕೌಶಲದ ಪಾಲು ಕಡಿಮೆಯಾಗಿ, ಆಡಳಿತ ಸಾಮರ್ಥ್ಯದ ಪಾಲು ಹೆಚ್ಚುತ್ತದೆಂಬುದನ್ನೂ ಅವನು ತೋರಿಸಿಕೊಟ್ಟನು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಗಳಿಸಿದ್ದ ನಾನು, ಕುರ್ಚಿಯಲ್ಲಿ ಕುಳಿತಾಗ ಮರೆತಿದ್ದೆ. ಯಾವ ಕೌಶಲಕ್ಕಾಗಿ ಬಡ್ತಿ ದೊರೆಯಿತೋ ಅದನ್ನು ಬೇರೆಯವರಿಗೆ ಕಲಿಸಿ, ಅವರ ಕೈಯಿಂದ ಕೆಲಸ ಮಾಡಿಸುವುದೇ ಹೊಸ ಮ್ಯಾನೇಜರನ ಮೊದಲ ಪರೀಕ್ಷೆ.

ಹಾಗೆಂದು ಎಲ್ಲವನ್ನೂ ಕೈಬಿಡುವಂತಿಲ್ಲ. ತಿಜೋರಿಯ ಕೀಲಿಕೈ ಇಬ್ಬರ ವಶದಲ್ಲಿರಬೇಕು. ಒಬ್ಬರು ದಾಖಲಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸಬೇಕು. ಪಾಸ್‌ವರ್ಡನ್ನು ಎಷ್ಟೇ ಅವಸರವಿದ್ದರೂ, ಎಷ್ಟೇ ನಂಬಿಗಸ್ತರಿಗೂ ಕೊಡಬಾರದು. ಕೆಲಸವನ್ನು ಮತ್ತು ಅದಕ್ಕೆ ತಕ್ಕ ಅಧಿಕಾರವನ್ನು ವಹಿಸಿಕೊಡಬಹುದು; ಅಂತಿಮ ಉತ್ತರದಾಯಿತ್ವ ಮಾತ್ರ ಮ್ಯಾನೇಜರನದೇ. ಆದುದರಿಂದ ವಹಿಸುವಾಗ ನಾಲ್ಕು ಸಂಗತಿಗಳು ಸ್ಪಷ್ಟವಾಗಿರಬೇಕು: ಕೆಲಸ ಯಾವುದು, ಯಾವ ದಿನಕ್ಕೆ ಮುಗಿಯಬೇಕು, ಎಲ್ಲಿಯವರೆಗೆ ಅವರೇ ತೀರ್ಮಾನಿಸಬಹುದು, ಯಾವ ಹಂತದಲ್ಲಿ ತನ್ನನ್ನು ಕೇಳಬೇಕು. ಕಿರಿಯರ ಮೊದಲ ಟಿಪ್ಪಣಿ ನಮ್ಮದರಷ್ಟು ಚೆನ್ನಾಗಿರುವುದಿಲ್ಲ. ತಿದ್ದಬೇಕಾದ ಕಡೆ ಗುರುತು ಹಾಕಿ ಅವರಿಂದಲೇ ಮತ್ತೆ ಬರೆಯಿಸಿದರೆ ಒಂದೆರಡು ತಿಂಗಳು ಸಮಯ ಹೆಚ್ಚು ಹಿಡಿಯುತ್ತದೆ. ಅನಂತರ ಅದು ಬಡ್ಡಿಸಹಿತ ಮರಳಿ ಬರುತ್ತದೆ.

ಇನ್ನೊಂದು ಕಷ್ಟ ಸಂಬಂಧಗಳದು. ನಿನ್ನೆಯವರೆಗೆ ಒಟ್ಟಿಗೆ ಚಹ ಕುಡಿದವರಿಗೆ ಇಂದು ರಜೆ ನಿರಾಕರಿಸಬೇಕಾಗಬಹುದು. ವಯಸ್ಸಿನಲ್ಲಿ ಹಿರಿಯರಾದವರಿಗೆ ತಪ್ಪನ್ನು ತೋರಿಸಬೇಕಾಗಬಹುದು. ಸ್ನೇಹವನ್ನು ಕಡಿದುಕೊಳ್ಳಬೇಕಾಗಿಲ್ಲ, ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಸಾಕು. ಹೊಗಳಿಕೆ ನಾಲ್ಕು ಜನರೆದುರು, ಆಕ್ಷೇಪಣೆ ಬಾಗಿಲು ಮುಚ್ಚಿ. ಮುಖ್ಯವಾಗಿ, ಕೆಟ್ಟ ಸುದ್ದಿ ತಂದವರ ಮೇಲೆ ರೇಗಬಾರದು. ಒಮ್ಮೆ ರೇಗಿದರೆ ಎರಡನೆಯ ಸಲ ಆ ಸುದ್ದಿ ನಮ್ಮ ಬಳಿಗೆ ಬರುವುದೇ ಇಲ್ಲ.

ಆರೋಗ್ಯದ ವಿಷಯವಾಗಿ ಒಂದು ಲೆಕ್ಕವನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟೂ, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟೂ ಹೆಚ್ಚು. ದಿನಕ್ಕೆ 12 ಗಂಟೆಯಂತೆ ಐದು ದಿನ ದುಡಿದರೆ 60 ಗಂಟೆಯಾಯಿತು. ಲೋಕಲ್ ಪ್ರಯಾಣ ಅದಕ್ಕೆ ಸೇರಿಲ್ಲ. ರಕ್ತದೊತ್ತಡ ಸಾಮಾನ್ಯವಾಗಿ ಯಾವ ನೋವನ್ನೂ ಕೊಡದೆ ಏರುತ್ತದೆ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ಸಲಹೆ ಪಡೆಯಲೇಬೇಕು. ಕೊಟ್ಟ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಹೊತ್ತಿಗೆ ಸರಿಯಾಗಿ ಊಟ, ಕಡಿಮೆ ಉಪ್ಪು, ದಿನವೂ ಅರ್ಧ ಗಂಟೆಯ ನಡಿಗೆ, ಏಳು ಗಂಟೆಯ ನಿದ್ರೆ ಇವು ಯಾರಿಗೂ ಹೊಸ ಮಾತಲ್ಲ. ಆದರೆ ಕೆಲಸ ಹಂಚಲು ಕಲಿಯದವನಿಗೆ ಇವುಗಳಲ್ಲಿ ಒಂದೂ ದಕ್ಕುವುದಿಲ್ಲ.

ರಜೆಯ ಬಗ್ಗೆಯೂ ಒಂದು ಮಾತು. ಸೂಕ್ಷ್ಮ ಹುದ್ದೆಗಳಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನಗಳ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಸೂಚಿಸಿತು. ವಂಚನೆಗಳಿದ್ದರೆ ಹೊರಬೀಳಲಿ ಎಂಬುದು ಅದರ ಉದ್ದೇಶ. ಆದರೆ ಪ್ರಾಮಾಣಿಕನಾದ ಮ್ಯಾನೇಜರನಿಗೂ ಅದೊಂದು ಒರೆಗಲ್ಲು. ಅವನಿಲ್ಲದ ಹತ್ತು ದಿನ ಶಾಖೆ ಸರಾಗವಾಗಿ ನಡೆದರೆ, ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಾನೆಂದೇ ಅರ್ಥ.

ಗಿರಣಿಯ ಮಾತನ್ನು ಪೂರ್ತಿ ಮಾಡಬೇಕು. ಮಾಲೀಕನ ಮಗ ಅದನ್ನು ಮತ್ತೆ ತೆರೆದ. ಬಾಕಿ ತೀರಿ ಖಾತೆ ಕ್ರಮಬದ್ಧವಾಗಲು ಒಂದು ವರ್ಷ ಹಿಡಿಯಿತು. ಅಂದಿನಿಂದ ನಾನು ಆ ಶಾಖೆಯನ್ನು ಬಿಡುವವರೆಗೂ ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ನಿಮಿಷ ಆ ಹಿರಿಯ ಗುಮಾಸ್ತರ ಪಕ್ಕದಲ್ಲಿ ಕುಳಿತು, “ಗಲ್ಲಿಯಲ್ಲಿ ಏನು ವಿಶೇಷ?” ಎಂದು ಕೇಳುತ್ತಿದ್ದೆ. ಯಾವ ಪಟ್ಟಿಯಲ್ಲಿಯೂ ಸಿಗದ ಸಂಗತಿಗಳು ಆ ಹತ್ತು ನಿಮಿಷಗಳಲ್ಲಿ ಸಿಗುತ್ತಿದ್ದವು. ಈ ವರ್ಷ ಹೊಸದಾಗಿ ಹೊಣೆ ಹೊರುವ ನಮ್ಮ ಸಂಘದ ಬಂಧುಗಳು ಇದನ್ನು ಮೊದಲ ತಿಂಗಳಿನಿಂದಲೇ ಆರಂಭಿಸಲಿ, ಸಂಜೆಯ ಊಟವನ್ನು ಮನೆಯವರೊಡನೆ ಮಾಡುವಂತಾಗಲಿ ಎಂದು ಹಾರೈಸುತ್ತೇನೆ.